ತೊಳೆಯುವುದು ಕಮ್ಮಿ ಇರುವ ಆಪರೇಷನ್ನು

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ, ಉಪಕರಣಗಳ ಕ್ರಿಮಿ ಕೊಲ್ಲುವ ಹಬೆಯ ಯಂತ್ರ ಬುಸ್ಸೆಂದು ಉಸಿರು ಬಿಟ್ಟು ಬಾಗಿಲು ತೆರೆಯುತ್ತದೆ. ಇಲ್ಲಿನವರೆಲ್ಲ ‘ಟ್ರೇ ಅಕ್ಕ’ ಎಂದು ಕರೆಯುವ ಹೆಂಗಸು ಒಂದೊಂದೇ ಕಟ್ಟನ್ನು ಹೊರಗೆಳೆದು, ಅದಕ್ಕೆ ಅಂಟಿಸಿದ ಪಟ್ಟಿಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಪಟ್ಟಿಯ ಗೆರೆಗಳು ಕಪ್ಪಾಗಿದ್ದರೆ ಹಬೆ ಸರಿಯಾಗಿ ತಾಗಿದೆ ಎಂದರ್ಥ. ದಿನಾ ಒಂದು ಸಲ ನೋಡುವವರು ಇವತ್ತು ಒಂದು ಪಟ್ಟಿಯನ್ನು ಮೂರು ಸಲ ನೋಡಿದ್ದಾರೆ. ಆ ಕಟ್ಟಿನೊಳಗಿನ ಟ್ರೇ ಎಂಟು ಗಂಟೆಗೆ ಮೇಲಿನ ಮಹಡಿಗೆ ಹೋಗುತ್ತದೆ. ಅಲ್ಲಿ ಮೇಜಿನ ಮೇಲೆ ಮಲಗುವವಳು ಅವರ ಒಡಹುಟ್ಟಿದ ತಂಗಿ.

ಇಪ್ಪತ್ತೊಂದು ವರ್ಷಗಳಿಂದ ಇವರದು ಇದೇ ಕೋಣೆ, ಇದೇ ಸಿಂಕು. ಆಪರೇಷನ್ ಮುಗಿದ ಉಪಕರಣಗಳು ಪುಟ್ಟ ಲಿಫ್ಟಿನಲ್ಲಿ ಕೆಳಗೆ ಬರುತ್ತವೆ. ತೊಳೆದು, ಸಂದುಗಳಲ್ಲಿ ಬ್ರಷ್ ಆಡಿಸಿ, ಎಣಿಸಿ, ಕಟ್ಟಿ, ಹಬೆಗೆ ಇಡಬೇಕು. ದಿನಕ್ಕೆ ಹನ್ನೊಂದೋ ಹನ್ನೆರಡೋ ಟ್ರೇ. ಮೇಲಿನವರಿಗೆ ಇವರ ಮುಖ ಗೊತ್ತಿಲ್ಲ. ಗೊತ್ತಿರುವುದು ಪಟ್ಟಿಯ ಮೇಲಿನ ಗುಂಡು ಅಕ್ಷರ ಮಾತ್ರ.

ಹೃದಯದ ಕವಾಟ ರಿಪೇರಿಯ ಟ್ರೇಗಳಿಗೆ ಅಕ್ಕ ತಾವೇ ನಾಮಕರಣ ಮಾಡಿ, ಅದನ್ನೇ ಪಟ್ಟಿಯ ಮೇಲೆ ಬರೆಯುತ್ತಾರೆ. ಎದೆಮೂಳೆಯ ಮೇಲ್ಭಾಗವನ್ನಷ್ಟೇ ಸೀಳಿ ಮಾಡುವುದು ‘ಅರ್ಧ’. ಬಲಗಡೆ ಎರಡು ಪಕ್ಕೆಲುಬುಗಳ ನಡುವೆ ಕೈ ತೂರದಷ್ಟು ಸಣ್ಣ ಗಾಯ ಮಾಡಿ, ಉದ್ದ ಹಿಡಿಯ ಕತ್ತರಿಗಳಿಂದ ಮಾಡುವುದು ‘ಪಕ್ಕೆ’. ತೊಡೆಯ ರಕ್ತನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿ ಮಾಡುವುದು ‘ತೊಡೆ’. ಇವುಗಳ ಜೊತೆಗೆ ಪ್ರತಿ ಸಲವೂ ಇನ್ನೊಂದು ಟ್ರೇ ಹೋಗುತ್ತದೆ. ಅದರ ಹೆಸರು ‘ದೊಡ್ಡದು’. ಸಣ್ಣ ದಾರಿ ಕೈಕೊಟ್ಟರೆ ಇಡೀ ಎದೆ ತೆರೆಯುವ ಗರಗಸ ಅದರೊಳಗಿದೆ. ಸೀಲು ಒಡೆಯದೆ ಅದು ವಾಪಸು ಬಂದ ದಿನ ಅಕ್ಕನಿಗೆ ಊಟ ರುಚಿಸುತ್ತದೆ.

ತಂಗಿಗೆ ನಲವತ್ತನಾಲ್ಕು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ಎರಡು ತಿಂಗಳಿನಿಂದ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿದೆ, ರಿಪೇರಿ ಆಗಲೇಬೇಕು ಎಂದರು ಡಾಕ್ಟರು. ಹೇಗೆ ಎಂಬುದೇ ತಲೆನೋವಾಯಿತು. ತಂಗಿಯ ಗಂಡ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ದಿನಕ್ಕೊಂದು ಮಾತಾಡತೊಡಗಿದ. ಕೊನೆಗೆ ತಂಗಿ, “ಅಕ್ಕ, ನೀನು ಅಲ್ಲೇ ಇದ್ದೀಯಲ್ಲ, ನೀನೇ ಹೇಳಿಬಿಡು” ಎಂದಳು.

ಅಕ್ಕ ಹಿಂದುಮುಂದು ನೋಡದೆ, “ತೊಡೆ” ಎಂದುಬಿಟ್ಟರು.

ಸರ್ಜನ್ ಮೇಡಂ ಮುಂದೆ ಕೂತಾಗ ತಂಗಿ ಅದನ್ನೇ ಒಪ್ಪಿಸಿದಳು. “ತೊಡೇದೇ ಮಾಡಿ ಮೇಡಂ. ನಮ್ಮಕ್ಕ ಹೇಳಿದಾಳೆ, ಇಲ್ಲೇ ಕೆಲಸ ಮಾಡೋದು ಅವಳು.”

“ಯಾಕೆ ತೊಡೆ?” ಮೇಡಂ ಅಕ್ಕನ ಕಡೆ ತಿರುಗಿದರು.

“ಅದರಲ್ಲಿ ತೊಳೆಯೋದು ಕಮ್ಮಿ ಇರುತ್ತೆ ಮೇಡಂ.”

ತಂಗಿಯ ಗಂಡ ನಕ್ಕುಬಿಟ್ಟ. ಮೇಡಂ ನಗಲಿಲ್ಲ. ಕಾಗದದ ಮೇಲೆ ಕವಾಟದ ಎರಡು ಎಸಳು ಬರೆದರು. “ತೊಡೆ ದಾರೀಲಿ ಹೋಗಿ ಈ ಎರಡನ್ನ ಒಂದು ಕ್ಲಿಪ್ಪಲ್ಲಿ ಹಿಡಿಸ್ತೀವಿ. ಹೃದಯ ನಿಲ್ಲಿಸೋದು ಬೇಕಾಗಲ್ಲ. ದೊಡ್ಡ ಆಪರೇಷನ್ ತಡ್ಕೊಳ್ಳೋಕೆ ಆಗದವರಿಗೆ ಅದು ಒಳ್ಳೇದು. ಆದ್ರೆ ಸೋರೋದು ಸ್ವಲ್ಪ ಉಳೀಬಹುದು. ಇವರಿಗೆ ಎಸಳು ಹಿಡಿದಿರೋ ಒಂದು ದಾರ ಹರಿದಿದೆ. ಪಕ್ಕೆಯಿಂದ ಹೋದ್ರೆ ಹೊಸ ದಾರ ಹಾಕಿ, ಸುತ್ತ ಒಂದು ಬಳೆ ಕೂರಿಸಬಹುದು. ಬಹಳ ವರ್ಷ ಬಾಳುತ್ತೆ. ಆದ್ರೆ ಹೃದಯ ನಿಲ್ಲಿಸಬೇಕು, ಆಗ ರಕ್ತ ಓಡಿಸೋ ಯಂತ್ರದ ಕೊಳವೆಗೆ ತೊಡೆ ಹತ್ರಾನೂ ಒಂದು ಗಾಯ ಮಾಡ್ಬೇಕು.”

“ಅಂದ್ರೆ ಪಕ್ಕೇಲೂ ತೊಡೆ ಇದೆಯಾ?” ಅಕ್ಕನಿಗೆ ತಲೆ ಗಿರ್ರೆಂದಿತು. “ಅರ್ಧ ಮಾಡಿದ್ರೆ?”

“ಅದೂ ಆಗುತ್ತೆ. ಮೂಳೆ ಕೂಡೋ ತನಕ ಭಾರ ಎತ್ತೋ ಹಾಗಿಲ್ಲ, ಹಿಟ್ಟು ನಾದೋ ಹಾಗಿಲ್ಲ.” ಮೇಡಂ ಒಂದು ಕ್ಷಣ ಅಕ್ಕನನ್ನೇ ನೋಡಿದರು. “ಇರಿ, ಪಟ್ಟಿ ಮೇಲಿನ ಆ ಗುಂಡು ಅಕ್ಷರ ನಿಮ್ದಾ?”

ಅಕ್ಕ ತಪ್ಪು ಮಾಡಿದವರಂತೆ ತಲೆಯಾಡಿಸಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವರಿಗೆ ಅಳು ಬಂತು. ಇಪ್ಪತ್ತೊಂದು ವರ್ಷ ಕೈಯಾಡಿಸಿದ ಕತ್ತರಿಗಳು ಒಳಗೆ ಹೋಗಿ ಏನು ಮಾಡುತ್ತವೆ ಎಂದು ಒಮ್ಮೆಯೂ ಕೇಳಿರಲಿಲ್ಲ. “ನಂಗೆ ತಲೆಬುಡ ತಿಳೀತಿಲ್ಲ ಕಣೇ. ಪಾತ್ರೆ ತೊಳೆಯೋಳು ಅಡುಗೆ ರುಚಿ ಹೇಳೋಕೆ ಹೋದೆ.”

“ಯಾವ ಟ್ರೇ ಆದ್ರೂ ನಿನ್ನ ಕೈಯಿಂದ ತಾನೇ ಬರೋದು?” ಎಂದಳು ತಂಗಿ. “ಮೇಡಂ ಹೇಳಿದ ಹಾಗೆ ಪಕ್ಕೇನೇ ಆಗ್ಲಿ, ಬಿಡು.”

ಹಾಗಾಗಿ ಇವತ್ತು ಪಕ್ಕೆ. ಅದರಲ್ಲಿ ನಲವತ್ತೇಳು ಉಪಕರಣ. ಎಂಟಕ್ಕೆ ಟ್ರೇ ಮೇಲೆ ಹೋಗಿದೆ. ಅಕ್ಕ ಬೇರೆ ಟ್ರೇಗಳನ್ನು ತೊಳೆಯುತ್ತಾರೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ. ಮೇಡಂ ಹೇಳಿದ್ದನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಾರೆ: ಕ್ಲಿಪ್ಪು, ದಾರ, ಬಳೆ. ಅರ್ಧಕ್ಕೆ ಬರುವಷ್ಟರಲ್ಲಿ ಯಾವುದು ಯಾವ ದಾರಿಯದು ಎಂಬುದು ಕಲಸಿಹೋಗುತ್ತದೆ. ಮತ್ತೆ ಮೊದಲಿಂದ.

ಒಂದೂವರೆಗೆ ಲಿಫ್ಟಿನ ಗಂಟೆ ಹೊಡೆಯುತ್ತದೆ. ಮೊದಲು ಬರುವುದು ‘ದೊಡ್ಡದು’. ಸೀಲು ಹಾಗೇ ಇದೆ. ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಹಿಂದೆಯೇ ತಂಗಿಯ ಗಂಡನ ಫೋನು: “ಅಕ್ಕಾ, ಸೋರ್ತಾ ಇಲ್ವಂತೆ! ಒಂದು ಚೂರೂ ಸೋರ್ತಾ ಇಲ್ವಂತೆ!”

ಆಮೇಲೆ ಬರುವುದು ಪಕ್ಕೆಯ ಟ್ರೇ. ಬಳಸದ ಉಪಕರಣ ಒಂದೂ ಇಲ್ಲ, ಬೆಟ್ಟದಷ್ಟು ತೊಳೆಯುವುದಿದೆ. “ನಾನು ತೊಳೀತೀನಿ, ನೀವು ಮೇಲೆ ಹೋಗಿ” ಎಂದು ಮೇಲ್ವಿಚಾರಕಿ ಕೈಗವಸು ಹಾಕಿಕೊಳ್ಳುತ್ತಾರೆ. ಅಕ್ಕ ಕೇಳುವುದಿಲ್ಲ. ಒಂದೊಂದನ್ನೇ ನೀರಿಗೆ ಹಿಡಿದು, ಬ್ರಷ್ ಆಡಿಸಿ, ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಾ, ತುಟಿ ಅಲುಗಿಸಿ ಎಣಿಸುತ್ತಾರೆ.

“ಯಾವ ದಾರಿ ಒಳ್ಳೇದು ಅಂತ ಮಾತ್ರ ನನ್ನ ಕೇಳ್ಬೇಡಿ, ಈಗ್ಲೂ ಗೊತ್ತಿಲ್ಲ” ಎನ್ನುತ್ತಾರೆ, ಒದ್ದೆ ತೋಳಿನಿಂದ ಕಣ್ಣೊರೆಸಿಕೊಂಡು. “ನಲವತ್ತೇಳು ಕಳಿಸಿದ್ದೆ, ನಲವತ್ತೇಳು ಬಂತು. ನನ್ನ ತಂಗಿ ಒಳಗೆ ಒಂದೂ ಉಳ್ದಿಲ್ಲ. ಅಷ್ಟು ಹೇಳ್ಬಲ್ಲೆ.”