ಡಬ್ಬಿಯಲ್ಲಿ ಸಿಗದ ಬಣ್ಣ

ಕಾರ್ಖಾನೆಯ ಬೀಗ ತೆಗೆದ ಮೇಲೆ ಬಣ್ಣದಕ್ಕ ಮೊದಲು ಹೋಗುವುದು ಪೂರ್ವದ ಕಿಟಕಿಯ ಹತ್ತಿರ. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಗಾಜಿನ ಹಲಗೆಯ ಮೇಲೆ ಕಂದು, ಕೆಂಪು, ಹಳದಿ, ಚಿಟಿಕೆ ನೀಲಿ ಕಲಸಿ, ತನ್ನ ಮೈಬಣ್ಣದ ಒಂದು ಬೊಟ್ಟು ಮಾಡಿ ಮುಂಗೈಗೆ ಇಟ್ಟುಕೊಳ್ಳುತ್ತಾಳೆ. ಬೊಟ್ಟು ಚರ್ಮದಲ್ಲಿ ಸೇರಿ ಕಾಣದಂತಾದರೆ ಅವತ್ತು ಕಣ್ಣು ಸರಿಯಿದೆ ಎಂದು ಲೆಕ್ಕ. ಆಮೇಲೆ ಒರೆಸಿ ಹಾಕಿ ಕೆಲಸಕ್ಕೆ ಕೂರುತ್ತಾಳೆ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ.

"ಏನಕ್ಕ, ರಾತ್ರಿ ಏನಾದ್ರೂ ಬಣ್ಣ ಬದಲಾಯ್ತಾ?" ಎಂದು ಅಚ್ಚು ಹಾಕುವವನು ದಿನಾ ಕೇಳುತ್ತಾನೆ.

"ನಿನ್ನ ನಾಲಿಗೆ ಬದಲಾದ ದಿನ ನಂದೂ ಬದಲಾಗುತ್ತೆ. ಕೆಲಸ ನೋಡು."

ಅಲ್ಲಿ ಮಾಡುವುದು ಕೈಕಾಲುಗಳನ್ನು. ಕಳೆದುಕೊಂಡವರಿಗೆ ರಬ್ಬರಿನಂಥ ಮೆದು ವಸ್ತುವಿನಲ್ಲಿ ಕೈ, ಪಾದ, ಬೆರಳು. ಅದಕ್ಕೆ ಮೈಬಣ್ಣ ಕೊಡುವುದು ಬಣ್ಣದಕ್ಕನ ಪಾಲು. ಗೂಡಿನಲ್ಲಿ ಮೈಬಣ್ಣದ ಆರು ಡಬ್ಬಿಗಳಿವೆ. ಆರೂ ಊರಿನವರವು, ತೆಳುಬಣ್ಣದವು. ಅಜ್ಜನ ಕಾಲದಲ್ಲಿ ಹಡಗಿನಲ್ಲಿ ಕೂಲಿಗೆ ಬಂದಿಳಿದ ಬಣ್ಣದಕ್ಕನ ಜನ ಕಡುಗಪ್ಪು, ಗುಂಗುರು ಕೂದಲು, ಊರಿಗೆಲ್ಲ ಹತ್ತಾರು ಮನೆ. ಅವರಿಗೆ ಡಬ್ಬಿಯಿಲ್ಲ. ಕಲಸಿಕೊಳ್ಳಬೇಕು. ದೇವರೂ ಒಬ್ಬೊಬ್ಬರನ್ನು ಕೂತು ಕಲಸಿಯೇ ಮಾಡಿರಬೇಕು, ಡಬ್ಬಿಯಿಂದ ಸುರಿದಿರಲಾರ ಎಂದು ಅವಳ ನಂಬಿಕೆ.

ಒಂದು ದಿನ ಅವಳದೇ ಜನದ ಒಬ್ಬ ಗಾಡಿ ಓಡಿಸುವವನು ಒಂಬತ್ತು ವರ್ಷದ ಮಗಳನ್ನು ಕರೆತಂದ. ಹಿಂದಿನ ವರ್ಷ ಅಪಘಾತದಲ್ಲಿ ಹುಡುಗಿಯ ಎಡಗೈ ಮಣಿಕಟ್ಟಿನಿಂದ ಹೋಗಿತ್ತು. ಅಚ್ಚು ತೆಗೆದದ್ದಾಯಿತು. ಬಣ್ಣಕ್ಕೆಂದು ಹುಡುಗಿಯನ್ನು ಕಿಟಕಿಯ ಹತ್ತಿರ ಕೂರಿಸಿದಾಗ ಅವಳು ಗೂಡಿನ ಕಡೆ ಬೆರಳು ತೋರಿಸಿದಳು.

"ಅತ್ತೆ, ನಂಗೆ ಆ ಎರಡನೇ ಡಬ್ಬಿದು ಹಾಕಿ."

"ಅದು ನಿನ್ನ ಬಣ್ಣ ಅಲ್ಲ ಕಂದ."

"ಗೊತ್ತು. ನಮ್ಮ ಕ್ಲಾಸಿನವರದ್ದು. ಒಂದು ಕೈಯಾದ್ರೂ ಹಾಗಿರ್ಲಿ."

ಅಪ್ಪ ನಾಚಿಕೆಯಿಂದ ನಕ್ಕ. "ಮಗು ಮಾತು, ಮನಸ್ಸಿಗೆ ಹಚ್ಕೋಬೇಡಿ ಅಕ್ಕ. ಕ್ಲಾಸಲ್ಲಿ ನಮ್ಮೋರು ಇವಳೊಬ್ಬಳೇ. ನಮ್ಮ ಬಣ್ಣಾನೇ ಹಾಕಿ."

ಮನಸ್ಸಿಗೆ ಹಚ್ಚಿಕೊಳ್ಳದೆ ಇರುವುದು ಹೇಗೆ? ಬಣ್ಣದಕ್ಕನೂ ತನ್ನ ಕ್ಲಾಸಿಗೆ ಒಬ್ಬಳೇ ಆಗಿದ್ದಳು. ಆಟದ ಪೀರಿಯಡ್ಡಿನಲ್ಲಿ ಎಲ್ಲರೂ ಕೈ ಹಿಡಿದು ದುಂಡಗೆ ನಿಂತರೆ, ಅವಳ ಎರಡೂ ಪಕ್ಕ ದುಂಡು ಹರಿದುಹೋಗುತ್ತಿತ್ತು. ಒಂದು ದಿನ ಟೀಚರಮ್ಮ ನೋಡಿ ಪಕ್ಕದವಳಿಗೆ ಗದರಿದರು: "ಹಿಡ್ಕೊಳ್ಳೇ ಅವಳ ಕೈನ! ಏನು, ಅಂಟ್ಕೊಳ್ಳುತ್ತಾ?" ಕ್ಲಾಸೆಲ್ಲ ಗೊಳ್ಳೆಂದಿತು. ಪಕ್ಕದವಳು ಅಂಗಿಯ ತೋಳನ್ನು ಅಂಗೈ ಮುಚ್ಚುವಷ್ಟು ಎಳೆದುಕೊಂಡು, ಬಟ್ಟೆಯ ಮೇಲಿಂದ ಹಿಡಿದಳು. ಆಟ ಮುಗಿದ ಮೇಲೆ ತೋಳನ್ನು ಕೊಡವಿದಳು. ಟೀಚರಮ್ಮ ಒಳ್ಳೆಯವರೇ. ಅಂದಿನಿಂದ ದಿನವೂ ಗದರಿ ಹಿಡಿಸಿದರು. ದಿನವೂ ಆ ತೋಳು ಕೆಳಗಿಳಿಯಿತು.

ಅದೇ ವಾರ ಬಚ್ಚಲಲ್ಲಿ ಕೂತು ಕೈಯ ಹಿಂಬದಿಯನ್ನು ಕಲ್ಲಿನಿಂದ ರಕ್ತ ಬರುವವರೆಗೆ ಉಜ್ಜಿದ್ದಳು. ಅಮ್ಮ ಬಂದು ಕಲ್ಲು ಕಿತ್ತುಕೊಂಡಳು. ಬೈಯಲಿಲ್ಲ. ಎಣ್ಣೆ ಸವರಿ, ಗೋಡೆಯ ಕಡೆ ತಿರುಗಿದಳು. ಮಾರನೆಯ ವರ್ಷ ಬಣ್ಣದಕ್ಕ ಸ್ಕೂಲು ಬಿಟ್ಟಳು.

ಈ ಹುಡುಗಿಯ ಕೈಗೆ ಅವಳು ಆರು ದಿನ ತೆಗೆದುಕೊಂಡಳು. ಗೆಣ್ಣುಗಳಲ್ಲಿ ಒಂದಿಷ್ಟು ಗಾಢ, ಅಂಗೈಯಲ್ಲಿ ತಿಳಿ, ಗೆರೆಗಳಲ್ಲಿ ಮತ್ತೆ ಕಂದು, ಉಗುರಿನ ಬುಡದಲ್ಲಿ ನಸುಗೆಂಪು. ಕೆಲಸ ಮುಗಿದಾಗ ಅಚ್ಚಿನವನಿಗೂ ತಮಾಷೆ ಹೊಳೆಯಲಿಲ್ಲ. "ಜೀವ ಇದೆ ಅಕ್ಕ ಇದಕ್ಕೆ" ಎಂದ. ತನ್ನ ಬಣ್ಣದ ಕೈಯೊಂದು ಇಷ್ಟು ಚೆಂದ ಬಂದದ್ದು ನೋಡಿದರೆ ಮಗುವಿನ ಮನಸ್ಸು ತಿರುಗೀತು ಎಂದು ಬಣ್ಣದಕ್ಕ ಒಳಗೊಳಗೇ ಆಸೆಪಟ್ಟಿದ್ದಳು. ದೇವರ ಮುಂದೆಯೂ ಅದನ್ನೇ ಕೇಳಿಕೊಂಡಿದ್ದಳು.

ಹುಡುಗಿ ಬಂದಳು. ಪಟ್ಟಿ ಬಿಗಿದು ಕೈ ತೊಡಿಸಿದರು. ಎರಡೂ ಕೈಗಳನ್ನು ಅಕ್ಕಪಕ್ಕ ಇಟ್ಟು ಮಗು ಬಹಳ ಹೊತ್ತು ನೋಡಿತು.

"ತುಂಬಾ ಚೆನ್ನಾಗಿದೆ ಅತ್ತೆ." ಮರ್ಯಾದೆಯ ಮಗು. ಆಮೇಲೆ ಬಲಗೈಯಿಂದ ಅದನ್ನು ಮುಟ್ಟಿ ಹೇಳಿತು: "ಇದನ್ನೂ ಯಾರೂ ಹಿಡ್ಕೊಳ್ಳಲ್ಲ."

ಅಪ್ಪ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನೆಲ ನೋಡಿದ. ಬಾಗಿಲಲ್ಲಿ ನಿಂತಿದ್ದ ಕಾರ್ಖಾನೆಯ ಯಜಮಾನರಿಗೆ ತಡೆಯಲಾಗಲಿಲ್ಲ. ಮೆದು ಮನಸ್ಸಿನ ಮನುಷ್ಯ.

"ಯಾರಮ್ಮ ಹಾಗೆ ಮಾಡೋರು? ನಿಮ್ಮ ಹೆಡ್ ಮಿಸ್ಸು ನನ್ನ ನಾದಿನಿ. ಈಗಲೇ ಒಂದು ಫೋನ್ ಹಾಕ್ತೀನಿ. ನಾಳೆಯಿಂದ ಸರದಿ ಪ್ರಕಾರ ಒಬ್ಬೊಬ್ಬರೂ ಹಿಡ್ಕೋಬೇಕು, ಅಷ್ಟೇ. ಏನಕ್ಕ, ಮಾಡ್ಲಾ?" ಆಗಲೇ ಫೋನು ಕಿವಿಯ ಹತ್ತಿರ ಹೋಗಿತ್ತು.

ಅಪ್ಪನ ಮುಖ ಅರಳಿತು. ಬಣ್ಣದಕ್ಕ ಮಂಡಿಯೂರಿ ಹುಡುಗಿಯ ಎದುರು ಕೂತಳು. ಪಟ್ಟಿ ಬಿಗಿಯುವಾಗ ಹಿಡಿದ ಆ ಕೈಯನ್ನು ಅವಳಿನ್ನೂ ಬಿಟ್ಟಿರಲಿಲ್ಲ.

"ಮಿಸ್ಸು ಹೇಳಿದ್ರೆ ಹಿಡ್ಕೋತಾರೆ ಕಂದ," ಎಂದಳು ಮೆಲ್ಲಗೆ. "ಆದ್ರೆ..."

"ಗೊತ್ತು," ಎಂದಿತು ಮಗು. ಬಲಗೈಯ ಅಂಗಿ ತೋಳನ್ನು ಹಲ್ಲಿನಿಂದ ಕಚ್ಚಿ ಬೆರಳ ತುದಿಯವರೆಗೂ ಎಳೆದು ತೋರಿಸಿತು. "ಹೀಗೆ."

ತನ್ನ ಕ್ಲಾಸಿನಲ್ಲಿ ಆ ತೋಳು ಹಾಗೆ ಇಳಿದದ್ದನ್ನು ಕಂಡು ನಲವತ್ತು ವರ್ಷವಾಗಿತ್ತು. ಬಣ್ಣದಕ್ಕ ಹುಡುಗಿಯ ತೋಳನ್ನು ಮೇಲಕ್ಕೆ ಸರಿಸಿ, ಅಚ್ಚುಕಟ್ಟಾಗಿ ಎರಡು ಮಡಿಕೆ ಮಡಚಿದಳು. ಆಮೇಲೆ ತಲೆಯೆತ್ತಿದಳು.

"ಬೇಡ ಯಜಮಾನ್ರೇ. ನಿಮ್ಮ ಒಳ್ಳೇ ಮನಸ್ಸಿಗೆ ಕೈ ಮುಗೀತೀನಿ. ಫೋನು ಇಟ್ಬಿಡಿ."