ದುರಗೇಶ ನಟ್ಟ ಕಂಬ

ದುರಗೇಶನ್ನ ನಾ ಮೊದಲ ನೋಡಿದ್ದು ಅವ ಒಬ್ಬ ಮನಷ್ಯಾನ ಕೈ ಮುರಿಯೋ ಹೊತ್ತಿನ್ಯಾಗ.

ಬನಹಟ್ಟಿ ದೊಡ್ಡ ರಸ್ತಾದ ಬಾಜೂಕ ನನ್ನ ಮನಿ. ಮನಿ ಮುಂದ ಜನ ದಾಟಾಕಂತ ಬಿಳಿ ಪಟ್ಟಿ ಬಳದಾರ. ಸಂಜಿ ಏಳೂವರಿ ಆಗಿತ್ತು, ಕತ್ತಲ. ಮಗ್ಗದ ಕೆಲಸ ಮುಗಿಸಿದ ಮರೆವ್ವ ಆ ಪಟ್ಟಿ ಮ್ಯಾಲೆ ಹೊಂಟಿದ್ದಳು. ಕಬ್ಬಿನ ಟ್ರ್ಯಾಕ್ಟರ್ ಆಕಿನ್ನ ಕೆಡವಿತು. ಹಿಂದಿನ ಎರಡೂ ಟ್ರೇಲರ್ ಆಕಿ ಮ್ಯಾಲೆ ಹಾದುವು. ನಾ ಕೌದಿ ತಂದು ಹೊದಿಸಿದೆ, ಹೊದಿಸಿದ ಕೂಡಲೆ ರಕ್ತದಾಗ ತೊಯ್ದಹೋತು.

ದುರಗೇಶ ಆಕಿ ಮಗ. ಬೀದಿ ದೀಪ ಹಾಕೋ ವಾಯರಮನ್. ಓಡಿ ಬಂದವ ತಾಯಿ ಕಡೆ ನೋಡಲಿಲ್ಲ. ಜಾಕಿನ ರಾಡ್ ತಗೊಂಡು ಡ್ರೈವರ್ ಸಾತಪ್ಪನ ಬಲಗೈಗೆ ಮೂರು ಏಟು ಹಾಕಿದ. ಮೂರನೇದಕ್ಕ ಎಲುವು ಹೊರಗ ಬಂತು.

“ಕಾಣಲಿಲ್ಲೋ ಯಣ್ಣಾ, ಖರೇನ ಕಾಣಲಿಲ್ಲ!”

“ಕಣ್ಣ ಮಾರಕೊಂಡಿದ್ಯೇನಲೇ ಮಗನ!”

ಹದಿನಾರು ದಿವಸದ ಮ್ಯಾಲೆ ದುರಗೇಶ ತಾನ ಅಲ್ಲಿ ಕಂಬ ನಟ್ಟು ದೀಪ ಹಾಕಿದ. ಕಬ್ಬಿನ ಗಾಡಿ ಬರೋ ಕಡೆಯಿಂದ ನೋಡಿದ್ರ ಪಟ್ಟಿ ದಾಟಿ ಮೂರು ಹೆಜ್ಜಿ ಆಚೆ, ನನ್ನ ಕಟ್ಟಿ ಹತ್ತರ.

“ಆಯಿ, ಇನ್ನ ಸೂಜಿ ಬಿದ್ರೂ ಹುಡಕತಿ ನೀ,” ಅಂದ. ಖರೆ, ಮಗ್ಗದ ನೂಲಿನ ಕಂಡಕಿ ಸುತ್ತಾಕ ಮುದುಕಿ ನನಗ ಛಲೋ ಆತು.

ಮರುವರ್ಷ ಕಬ್ಬಿನ ಹಂಗಾಮಿನ್ಯಾಗ, ಅದ ದೀಪದ ಮುಂದಿನ ಪಟ್ಟಿ ಮ್ಯಾಲೆ, ಗುರುಪಾದ ಅನ್ನಾವನ ಟ್ರ್ಯಾಕ್ಟರ್ ಕಾವೇರಿ ಅನ್ನೋ ಹೆಣ್ಣಮಗಳಿಗೆ ಬಡೀತು. ಆಕಿ ಎರಡೂ ತೊಡಿ ಮುರದುವು. ಜನ ಗುರುಪಾದನ್ನ ಕೆಳಗ ಎಳದು ಕಬ್ಬಿಲೆ, ಕಲ್ಲಿಲೆ ಬಡದರು. ದುರಗೇಶನೂ ಕಲ್ಲ ಎತ್ತಿದ.

“ದೀಪ ಐತೆಲ್ಲಲೇ!”

“ದೀಪ ಕಂಡಿತಣ್ಣಾ, ಮನಷ್ಯಾರು ಕಾಣಲಿಲ್ಲ!”

ದುರಗೇಶನ ಕೈ ನಿಂತಿತು. ಟ್ರೇಲರಿನ ಬಾಜೂಕ ಹತ್ತು ಹೆಜ್ಜಿ ಹಿಂದ ಸರದು ನೋಡಿದ. ದೀಪ ಜನರ ಬೆನ್ನಿಗೆ ಬಿದ್ದಿತ್ತು. ಹೊಡೆಯೋ ಮಂದಿ ಎಲ್ಲಾ ಕರೀ ನೆರಳು, ಒಬ್ಬರ ಮಾರೀನೂ ಇಲ್ಲ. ಓಡಿ ಬಂದು ಗುರುಪಾದನ ಮ್ಯಾಲೆ ಬೋರಲ ಬಿದ್ದ.

“ಕಂಬ ತಪ್ಪ ನಟ್ಟಾಂವ ನಾ! ನನ್ನ ಹೊಡೀರಿ!”

ಹೊಡದರು. ತಲಿಗೆ ಹದಿನಾಲ್ಕು ಹೊಲಿಗಿ ಬಿದ್ದುವು.

ದವಾಖಾನಿಯವರು ಬ್ಯಾಡ ಅಂದ್ರೂ ಐದನೇ ದಿವಸ ಎದ್ದು ಬಂದ. ಹಳೇ ಕಂಬ ಕಿತ್ತು ಎರಡು ಕಂಬ ನಟ್ಟ. ಎರಡೂ ಕಡೆ, ಗಾಡಿ ಬರೋ ದಿಕ್ಕಿಗೆ, ಪಟ್ಟಿಗಿಂತ ಆರು ಹೆಜ್ಜಿ ಮೊದಲ, ಬೆಳಕು ದಾಟೋರ ಬೆನ್ನಿಗಲ್ಲ, ಮುಂದ ಬೀಳೂವಂಗ. ಆಮ್ಯಾಲೆ ಸಾತಪ್ಪನ ಊರು ಹಿಪ್ಪರಗಿಗೆ ಹೋಗಿ ಅವನ್ನ ಕರಕೊಂಡ ಬಂದ. ಸಾತಪ್ಪನ ಕೈ ಸೊಟ್ಟ ಕೂಡಿತ್ತು.

“ಟ್ರೇಲರ್ ಬಿಚ್ಚಿ ಬರೇ ಇಂಜಿನ್ ತಾ. ನಾ ಪಟ್ಟಿ ಮ್ಯಾಲೆ ನಿಲ್ಲತೀನಿ. ಆಯೀನ್ನ ಬಾಜೂಕ ಕುಂಡ್ರಿಸಿಕೊ, ನಾ ಕಂಡೆನೋ ಇಲ್ಲೋ, ಆಕಿ ಸುಳ್ಳ ಹೇಳಂಗಿಲ್ಲ.”

“ನಾ ಬ್ರೇಕ್ ಒತ್ತದಿದ್ರ?” ಅಂದ ಸಾತಪ್ಪ.

“ಅದು ನಿನ್ನ ಕಾಲಾಗ ಐತಿ.”

ಕತ್ತಲಾದ ಮ್ಯಾಲೆ ನಾ ಮಡಗಾರ್ಡ್ ಮ್ಯಾಲೆ ಕುಂತೆ. ಸಾತಪ್ಪ ಜೋರ್ಲೆ ಬಿಟ್ಟ. ಮೂವತ್ತು ಹೆಜ್ಜಿ ದೂರ ಇರಾಗನ ದುರಗೇಶನ ತಲಿಪಟ್ಟಿ ಮ್ಯಾಲಿನ ರಕ್ತದ ಕಲಿ ನನಗ ಕಂಡಿತು. ಹತ್ತು ಹೆಜ್ಜಿ ಆದ್ರೂ ಸಾತಪ್ಪ ಬ್ರೇಕ್ ಒತ್ತಲಿಲ್ಲ. ಹಲ್ಲ ಕಡೀತಿದ್ದ. ನಾ ಅವನ ಸೊಟ್ಟ ಕೈ ಹಿಡಕೊಂಡೆ. ಗಾಲಿ ಸುಟ್ಟ ವಾಸನಿ ಬಂತು, ಇಂಜಿನ್ ದುರಗೇಶನ ಎದಿಗೆ ಒಂದ ಗೇಣು ಇರಾಗ ನಿಂತಿತು. ಅವ ಕದಲಿರಲಿಲ್ಲ.

ಮರುದಿನ ನಸಿಕಿನ್ಯಾಗ ಅವ ತಲಿಪೆಟ್ಟಿನಿಂದ ತೀರಕೊಂಡ. ಹಿಂದಿನ ಸಂಜಿ ಇಂಜಿನ್ ನಿಂತ ಕೂಡಲೆ, ದೀಪದ ಬೆಳಕಿನ್ಯಾಗ ನಿಂತು ನನ್ನ ಕೇಳಿದ್ದ:

“ಆಯಿ, ನನ್ನ ಮಾರಿ ಕಂಡಿತೇನ? ಸಾತಪ್ಪಗೂ?”