ಬಿಕ್ಕಳಿಕೆ ಸೇರಿದ ಕೀರ್ತನೆ

ನನ್ನ ಅಣ್ಣನ ಮಾತನ್ನು ನಾನು ಒಂದು ಸಲ ಮುಗಿಸಿಕೊಡಲಿಲ್ಲ. ನನ್ನ ತಪ್ಪು ಇಷ್ಟೇ. ಇದೂ ಒಂದು ತಪ್ಪೇ ಎಂದು ನಿಮಗೆ ಅನಿಸಬಹುದು. ಅದಕ್ಕೇ ಮೊದಲು ಅಣ್ಣನ ವಿಷಯ ಹೇಳಬೇಕು.

ಅಣ್ಣ ದಾನಿಯೇಲ ಉಗ್ಗುತ್ತಾನೆ. ನೀರು ಕೇಳಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ತಂಗಿಯಾದ ನಾನು ತಂಬಿಗೆ ತಂದಿಟ್ಟಿರುತ್ತೇನೆ. ಚಿಕ್ಕಂದಿನಿಂದಲೂ ಅವನ ಅರ್ಧ ಮಾತು ನನ್ನ ಬಾಯಲ್ಲೇ ಮುಗಿಯುತ್ತಿತ್ತು. ನಾರಾಯಣಪೇಟೆಯ ಸೀರೆ ಸಾಹುಕಾರರು ಪ್ರಶ್ನೆಯನ್ನು ಅವನಿಗೆ ಹಾಕಿ ಉತ್ತರಕ್ಕೆ ನನ್ನ ಮುಖ ನೋಡುತ್ತಿದ್ದರು. ಆದರೆ ಹಾಡಲು ನಿಂತರೆ ಅವನ ನಾಲಗೆಯಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಕುಳಿತು ಲಾಳಿ ಎಸೆಯುತ್ತ ಕೀರ್ತನೆ ಕಟ್ಟುತ್ತಿದ್ದ. ಭಾನುವಾರ ನಮ್ಮ ಕ್ರೈಸ್ತ ಸಭೆಯ ಮುಂದೆ ನಿಂತು ಎಲ್ಲರಿಂದಲೂ ಹಾಡಿಸುತ್ತಿದ್ದ. ವಾರದಲ್ಲಿ ಆ ಒಂದು ಗಂಟೆ ಅವನಿಗೆ ನನ್ನ ಬಾಯಿ ಬೇಕಿರಲಿಲ್ಲ. ಆಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು. ತಪ್ಪೊಪ್ಪಿಗೆಗೆ ಕುಳಿತ ಮೇಲೆ ಅದನ್ನೂ ಬರೆದುಬಿಡುತ್ತೇನೆ.

ಮಕ್ತಲದಿಂದ ಬರುತ್ತಿದ್ದ ನಮ್ಮ ಪಾದ್ರಿ ಅಯ್ಯನವರು ಲೋಕದ ಹೊಸ ಸಂಗತಿಗಳಿಗೆ ಬೆಚ್ಚಿಬೀಳುವುದರಲ್ಲಿ ನಿಸ್ಸೀಮರು. ಒಂದು ತಿಂಗಳು ಚಹಾ ಹೋಟೆಲಿನ ಮೇಲೆ ಉಪದೇಶ, ಮರುತಿಂಗಳು ಗಂಡಸರ ಕ್ರಾಪಿನ ಮೇಲೆ. ಸೈಕಲ್ಲಿನ ಬಗ್ಗೆ ಮಾತ್ರ ಏನೂ ಅನ್ನಲಿಲ್ಲ. ಅವರು ಬರುತ್ತಿದ್ದದ್ದೇ ಸೈಕಲ್ಲಿನ ಮೇಲೆ. ನಾವೂ ಅವರ ಜೊತೆ ತಪ್ಪದೆ ಬೆಚ್ಚಿಬೀಳುತ್ತಿದ್ದೆವು, ಮನೆಗೆ ಹೋಗಿ ಚಹಾ ಕಾಯಿಸಿ ಕುಡಿಯುತ್ತ ಇನ್ನೊಮ್ಮೆ ಬೆಚ್ಚಿಬೀಳುತ್ತಿದ್ದೆವು. ಆ ಸಲ ಸರದಿ ಗ್ರಾಮಫೋನಿನದು.

"ಆ ಕೊಂಬಿನ್ಯಾಗ ಸೈತಾನ ಕುಂತು ಹಾಡ್ತಾನ್ರಿ, ಕಿವಿ ಕೊಡಬ್ಯಾಡ್ರಿ!"

ಮರುದಿನವೇ ನಾನು ಆ ಕೊಂಬಿನ ಮುಂದೆ ಕುಳಿತಿದ್ದೆ. ಸಾಹುಕಾರರ ಮನೆಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಹೋಗುವುದು ನನ್ನ ಕೆಲಸ. ಅವರ ಸೊಸೆ ಸೊಲ್ಲಾಪುರದ ಹುಡುಗಿ. ತವರಿನಿಂದ ಗ್ರಾಮಫೋನು ತಂದಿದ್ದಳು. ಮಧ್ಯಾಹ್ನವೆಲ್ಲ ಒಂದೇ ಮರಾಠಿ ನಾಟಕದ ಹಾಡು. ನಾನು ಓದಿದ್ದು ನಾಲ್ಕನೆಯ ತರಗತಿ, ಮರಾಠಿಯ ಗಂಧವಿಲ್ಲ. ಆದರೆ ಆ ಧಾಟಿ! ಪ್ರತಿ ಸಾಲಿನ ಕೊನೆಗೆ ಹಾಡುವವನು ಗಂಟಲನ್ನು 'ಹಿಕ್' ಎಂದು ಮೇಲಕ್ಕೆ ಎಸೆದು ಹಿಡಿಯುತ್ತಿದ್ದ. ಇದು ಯಾವುದೋ ದೊಡ್ಡ ಸಂಗೀತ ವಿದ್ಯೆ ಇರಬೇಕೆಂದುಕೊಂಡೆ. ಮನೆಗೆ ಬಂದು ಹಿಕ್ಕಿನ ಸಮೇತ ಅಣ್ಣನಿಗೆ ಒಪ್ಪಿಸಿದೆ.

ಅಣ್ಣನ ಕಣ್ಣು ಅರಳಿತು. "ಎ... ಎಲ್ಲಿ..." ಅಂದ.

"ಎಲ್ಲಿ ಕಲ್ತಿ ಅಂತೀಯೇನು? ಗದ್ವಾಲದ ಸಭಾದವ್ರು ಹಾಡ್ತಾರಣ್ಣ. ಅಲ್ಲಿಂದ ಬಂದಾಕಿ ಒಬ್ಬಾಕಿ ಕಲಿಸಿದ್ಲು."

ಅವನ ಪ್ರಶ್ನೆಯನ್ನು ನಾನೇ ಮುಗಿಸಿ ಅದಕ್ಕೆ ಸುಳ್ಳನ್ನು ಗಂಟುಹಾಕಿದೆ. ಅಣ್ಣ ನಂಬಿದ. ಆ ಧಾಟಿಗೆ ಕ್ರಿಸ್ತ ಜಯಂತಿಯ ಕೀರ್ತನೆ ಕಟ್ಟಿ ಸಭೆಗೆಲ್ಲ ಕಲಿಸಿದ. ಧನ್ವಾಡದ ಮುದುಕಿ ಬಾಲಮ್ಮನಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಆದರೂ ಆ ಹಿಕ್ಕನ್ನು ಅವಳಷ್ಟು ಭಕ್ತಿಯಿಂದ ಯಾರೂ ತೆಗೆಯುತ್ತಿರಲಿಲ್ಲ.

ಹಬ್ಬದ ದಿನ ನೋಡಲು ಊರವರೂ ಬಂದು ಬಾಗಿಲಲ್ಲಿ ನಿಂತಿದ್ದರು. "ಗೋದಲಿಯಲ್ಲಿ ಮಲಗಿದ ಅರಸನೇ" ಎಂದು ಅಣ್ಣ ಎತ್ತಿದ. ಇಡೀ ಸಭೆ "ಹಿಕ್" ಅಂದಿತು. ಹಾಡು ಮುಗಿದದ್ದೇ ಬಾಗಿಲ ಕಡೆಯಿಂದ "ಒನ್ಸ್ ಮೋರ್!" ಎಂಬ ಕೂಗು ಬಂತು. ಕೂಗಿದವನು ಸಾಹುಕಾರರ ಗುಮಾಸ್ತ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು.

"ತಪ್ಪು ತಿಳೀಬ್ಯಾಡ್ರಿ ಅಯ್ನೋರ, ಇದು ನಾಟಕದಾಗ ಕುಡುಕ ಹಾಡೋ ಪದ ಐತ್ರಿ. ಅವನ ಬಿಕ್ಕಳಿಕಿ ಸುದ್ದಾ ಬಿಟ್ಟಿಲ್ಲ ನೋಡ್ರಿ!"

ಸಿಡಿಲು ಬಡಿದಂತಾಯಿತು. ಅಯ್ಯನವರು ಅದುವರೆಗೆ ಬೆಚ್ಚಿಬಿದ್ದದ್ದೆಲ್ಲ ಬರೀ ಅಭ್ಯಾಸ, ನಿಜವಾಗಿ ಬೆಚ್ಚಿಬಿದ್ದದ್ದು ಅಂದೇ. ಅಷ್ಟರಲ್ಲಿ ಬಾಲಮ್ಮನ ದನಿ ಕೇಳಿತು: "ಅಂದ್ರ ನಾ ಇಷ್ಟೊತ್ತು ಕುಡುಕನಾಂಗ ಬಿಕ್ಕಿದ್ನೇನ್ರಿ?"

"ಈ ಧಾಟಿ ಎಲ್ಲಿಂದ ತಂದಿ, ದಾನಿಯೇಲ?" ಎಂದರು ಅಯ್ಯನವರು.

"ಗ... ಗ..." ಅಂದ ಅಣ್ಣ.

ಸಭೆಯೆಲ್ಲ ರೂಢಿಯಂತೆ ನನ್ನ ಕಡೆ ತಿರುಗಿತು. ಅಣ್ಣನೂ ತಿರುಗಿದ. ನಾನು ಚಾಪೆಯ ಅಂಚನ್ನು ನೋಡುತ್ತ ಕುಳಿತೆ. ಅಲ್ಲಿ ಒಂದು ಎಳೆ ಬಿಚ್ಚಿತ್ತು. ಅದು ಇಂದಿಗೂ ನನಗೆ ನೆನಪಿದೆ. ಅಣ್ಣ ಒಂದು ಗಳಿಗೆ ನನ್ನನ್ನು ನೋಡಿ, ಅರ್ಥಮಾಡಿಕೊಂಡು, ಬಾಯಿ ಮುಚ್ಚಿದ. ಅವನ ನಾಲಗೆ ನಿಂತಿದ್ದಲ್ಲ, ಅವನೇ ನಿಲ್ಲಿಸಿದ.

ಅಂದಿನಿಂದ ಅವನಿಗೆ ಹಾಡಿಸುವ ಕೆಲಸ ತಪ್ಪಿತು. ಕೊನೆಯ ಚಾಪೆಯಲ್ಲಿ ತುಟಿ ಅಲುಗಿಸದೆ ಕೂರುತ್ತಿದ್ದ. ಮನೆಯಲ್ಲಿಯೂ ಮಗ್ಗದಿಂದ ಲಾಳಿಯ ಸದ್ದೊಂದೇ. ಇದ್ದ ಒಂದು ದಾರಿಯೂ ಮುಚ್ಚಿದ ಮೇಲೆ ಅವನು ಪೂರಾ ಮೂಕನೇ ಆದ.

ನಾನೇನು ಮಾಡಿದೆ? ಯೋಚನೆ ಮಾಡಿದೆ. ನಮ್ಮ ಸಭೆ ಕಣ್ಣುಮುಚ್ಚಿ ಹಾಡುವ ಎಷ್ಟೋ ಕೀರ್ತನೆಗಳ ಧಾಟಿ ನಮ್ಮಜ್ಜಿ ಜೋಳ ಬೀಸುವಾಗ ಹಾಡುತ್ತಿದ್ದದ್ದು. ಆಗ ಅವಳು ಸುವಾರ್ತೆಯನ್ನು ಕೇಳಿಯೇ ಇರಲಿಲ್ಲ. ಮನುಷ್ಯರಿಗೆ ದೀಕ್ಷಾಸ್ನಾನ ಕೊಟ್ಟ ಹಾಗೆ ಧಾಟಿಗೂ ಕೊಡಬಹುದೆ? ಕುಡುಕನ ಹಾಡು ಗೋದಲಿಯ ಹತ್ತಿರ ಬರಬಾರದೆಂದರೆ ಕುಡುಕ ಬರಬಹುದೆ? ಹೀಗೆ ದೊಡ್ಡ ದೊಡ್ಡ ಪ್ರಶ್ನೆ ಕೇಳಿಕೊಳ್ಳುವುದರಲ್ಲಿ ಒಂದು ಸುಖವಿದೆ, ಸಣ್ಣ ಉತ್ತರವೊಂದನ್ನು ಹೇಳುವುದು ತಪ್ಪುತ್ತದೆ. ಗುರುವನ್ನು ಅರಿಯೆನೆಂದು ಮೂರು ಸಲ ಅಂದ ಶಿಷ್ಯನ ಪಾಠವನ್ನು ಸಭೆಯಲ್ಲಿ ಬೈಬಲಿನಿಂದ ಓದಿದ ದಿನವೂ ನಾನು ಸಮಾಧಾನದಿಂದಲೇ ಇದ್ದೆ. ಅವನಾದರೂ ಮೂರು ಸಲ ಅಂದ, ನಾನು ಒಂದು ಮಾತೂ ಆಡಿಲ್ಲವಲ್ಲ!

ಮುಂದಿನ ವರ್ಷದ ಹಬ್ಬ ಬಂತು. ಅಯ್ಯನವರೇ ಮುಂದೆ ನಿಂತು ಹಳೆಯ ಕೀರ್ತನೆಯೊಂದನ್ನು ಹಾಡಿಸಿದರು. ಮೊದಲ ಸಾಲು ಮುಗಿದದ್ದೇ ಬಾಲಮ್ಮ ಕಣ್ಣುಮುಚ್ಚಿಕೊಂಡು, ತುಂಬು ಭಕ್ತಿಯಿಂದ, "ಹಿಕ್" ಅಂದಳು.

ಸಭೆ ಗೊಳ್ಳೆಂದು ನಕ್ಕಿತು. ನಕ್ಕವರೆಲ್ಲ ಆಮೇಲೆ ಹಿಂದಕ್ಕೆ ತಿರುಗಿ ಅಣ್ಣನನ್ನು ದಿಟ್ಟಿಸಿದರು. ಅಣ್ಣ ಮೆಲ್ಲಗೆ ಎದ್ದು ನಿಂತು, ಎಲ್ಲರಿಗೂ ಕೈ ಜೋಡಿಸಿದ. ತಪ್ಪಾಯಿತು ಎಂದು. ನನ್ನ ಸುಳ್ಳಿಗೆ ಅವನು ಕೈ ಮುಗಿಯುತ್ತಿದ್ದ.

ಗ್ರಾಮಫೋನಿಗೆ, ಕ್ರಾಪಿಗೆ, ಚಹಾಕ್ಕೆ ಬೆಚ್ಚಿಬಿದ್ದಿದ್ದ ನಾನು ಮೊದಲ ಬಾರಿಗೆ ನನಗೆ ನಾನೇ ಬೆಚ್ಚಿದೆ. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. "ಅಣ್ಣಾ, ಆ... ಆ..." ಎಂದೆ. ಜೀವಮಾನವೆಲ್ಲ ಅವನ ಬಾಯಿಂದ ಮಾತು ಕಸಿದುಕೊಂಡ ನಾಲಗೆ ನನ್ನದು. ಅದು ಅಂಗುಳಿಗೆ ಅಂಟಿಕೊಂಡಿತ್ತು. ನಾನು ಹೇಳಬೇಕೆಂದಿದ್ದದ್ದು ಅಣ್ಣನಿಗೆ ಆಗಲೇ ತಿಳಿದಿತ್ತು. ಅವನ ಕಣ್ಣಲ್ಲೇ ಕಂಡೆ. ಆದರೂ ಅವನು ಅದನ್ನು ಮುಗಿಸಿಕೊಡಲಿಲ್ಲ. ಅವಸರವಿಲ್ಲದೆ ಕಾದ. ಉಗ್ಗುವವರ ಮುಂದೆ ಮಾಡಬೇಕಾದದ್ದು ಅದೊಂದೇ ಎಂದು ನನಗೆ ಗೊತ್ತೇ ಇರಲಿಲ್ಲ.

ಅವನು ಕಾದದ್ದರಿಂದ ಮಾತು ಬಂತು.

"ಆ ಧಾಟಿ ತಂದಾಕಿ ನಾನು. ಗದ್ವಾಲ ಅಂತ ಸುಳ್ಳು ಹೇಳ್ದಾಕಿನೂ ನಾನು. ಎಲ್ಲಾರು ನನ್ನ ಮಾರಿ ನೋಡಿದಾಗ ಸುಮ್ಮಕ ಕುಂತಾಕಿನೂ ನಾನೇ. ನಂದು ತಪ್ಪಾತು, ಅಣ್ಣಾ. ಕೈ ಇಳಸು."